ಒರೆಗೆ ಹಚ್ಚಿ ನೋಡಿ: ದೇವರ ಹೆಸರಲ್ಲಿ ನಡೆಯೋ ಮೋಸದ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ಮೊದಲೇ ಹೇಳಿಬಿಡ್ತೀನಿ, ನಾನು ಪಾಸ್ಟರ್ ಅಲ್ಲ, ಬೈಬಲ್ ಕಾಲೇಜ್ ಮೆಟ್ಟಿಲು ಹತ್ತಿದವನೂ ಅಲ್ಲ. ಬುಧವಾರ ಸಂಜೆ ನಮ್ಮನೆ ಹಾಲ್‌ನಲ್ಲಿ ಹತ್ತು ಹನ್ನೆರಡು ಜನ ಕೂತು ಸತ್ಯವೇದ ಓದ್ತೀವಿ, ಆಮೇಲೆ ಟೀ ಕುಡೀತಾ ಪ್ರಶ್ನೆಗಳು ಬರತ್ತೆ, ಅದ್ರಲ್ಲಿ ಅರ್ಧಕ್ಕರ್ಧ ಇದೇ ವಿಷಯ: ಯೂಟ್ಯೂಬ್‌ನಲ್ಲಿ ಒಬ್ರು ಹೀಗಂದ್ರು, ವಾಟ್ಸಾಪ್‌ನಲ್ಲಿ ಪ್ರವಾದನೆ (ದೇವರೇ ಹೇಳಿಸಿದ್ದು ಅನ್ನೋ ಮಾತು) ಬಂತು, ನಂಬಬೇಕಾ ಬೇಡ್ವಾ? ಹೇಳಿದ್ದನ್ನೇ ಹೇಳಿ ಹೇಳಿ ಸಾಕಾಗಿ ಒಂದ್ಸಲ ಬರೆದಿಡ್ತಾ ಇದೀನಿ.

ಪ್ರ: ದೇವರ ಸೇವಕರು ಹೇಳಿದ್ದನ್ನ ಪರೀಕ್ಷೆ ಮಾಡೋದು ಅಪನಂಬಿಕೆ ಅಲ್ವಾ?

ಅಲ್ಲ. ಅಪೊಸ್ತಲರ ಕೃತ್ಯಗಳು 17ನೇ ಅಧ್ಯಾಯದಲ್ಲಿ ಬೆರೋಯದ ಜನ ಇದಾರಲ್ಲ, ಅವರ ಊರಿಗೆ ಬಂದು ಬೋಧನೆ ಮಾಡಿದ್ದು ಯಾರೋ ದಾರಿಹೋಕ ಅಲ್ಲ, ಅಪೊಸ್ತಲ ಪೌಲ. ಆದ್ರೂ ಅವರು ದಿನಾ ಶಾಸ್ತ್ರ ಬಿಚ್ಚಿ ಈತ ಹೇಳ್ತಿರೋದು ಹೌದೋ ಅಲ್ವೋ ಅಂತ ತಾಳೆ ನೋಡಿದ್ರು, ಅದಕ್ಕೆ ಬೈಸ್ಕೊಂಡ್ರಾ? ಇಲ್ಲ, ಸದ್ಗುಣವುಳ್ಳವರು ಅಂತ ಹೊಗಳಿಸ್ಕೊಂಡ್ರು. ಪೌಲನನ್ನೇ ಚೆಕ್ ಮಾಡಬಹುದು ಅಂದ್ಮೇಲೆ ನಿನ್ನೆ ಮೊನ್ನೆ ಚಾನೆಲ್ ಶುರು ಮಾಡಿದ ಬ್ರದರ್‌ನ ಯಾಕೆ ಮಾಡಬಾರದು.

1 ಥೆಸಲೊನೀಕ 5:20-21ರಲ್ಲಿ ಎರಡು ಮಾತು ಒಟ್ಟಿಗೇ ಇದೆ ನೋಡಿ. ಪ್ರವಾದನೆಗಳನ್ನ ಹೀನೈಸಬೇಡಿ, ಆದ್ರೆ ಎಲ್ಲಾನೂ ಪರೀಕ್ಷಿಸಿ ಒಳ್ಳೇದನ್ನ ಹಿಡ್ಕೊಳ್ಳಿ. ನಮ್ಮಲ್ಲಿ ಕೆಲವರು ಮೊದಲನೇದು ಮಾತ್ರ ಓದ್ತಾರೆ, ಕೆಲವರು ಎರಡನೇದು ಮಾತ್ರ. ಅಲ್ಲಿ ಪರೀಕ್ಷಿಸು ಅನ್ನೋದಕ್ಕೆ ಇರೋ ಗ್ರೀಕ್ ಪದಾನ ಲೋಹ ಪರೀಕ್ಷೆ ಮಾಡೋದಕ್ಕೂ ಬಳಸ್ತಿದ್ರು. ಅಂದ್ರೆ ನಮ್ಮ ಒರೆಗಲ್ಲು ಇದೆಯಲ್ಲ, ಅದೇ. ಗಿರವಿ ಅಂಗಡಿಗೆ ಬಳೆ ತಗೊಂಡು ಹೋದ್ರೆ ಅವನು ಕಲ್ಲಿಗೆ ಉಜ್ಜಿ ನೋಡ್ತಾನೆ, ನಮಗೇನೂ ಬೇಜಾರಾಗಲ್ಲ, ಚಿನ್ನ ಅಂತ ಗೊತ್ತಿದ್ರೆ ಧೈರ್ಯವಾಗೇ ಕೊಡ್ತೀವಿ. ಉಜ್ಜಬೇಡಿ ಅಂತ ಕೈ ಅಡ್ಡ ಹಿಡಿಯೋನ ಮೇಲೇ ಡೌಟ್ ಬರೋದು.

ಪ್ರ: ಸೈತಾನನ ಮೋಸ ಅಂದ್ರೆ ನೋಡಿದ ತಕ್ಷಣ ಗೊತ್ತಾಗಲ್ವಾ?

ಗೊತ್ತಾಗೋ ಹಾಗಿದ್ರೆ ಅದನ್ನ ಮೋಸ ಅಂತ ಯಾಕೆ ಕರೀತಿದ್ರು! 2 ಕೊರಿಂಥ 11:14ರ ಪ್ರಕಾರ ಅವನು ಬೆಳಕಿನ ದೂತನ ವೇಷದಲ್ಲೇ ಬರೋದು. ಕೊಂಬು ಬಾಲ ಎಲ್ಲಾ ನಾಟಕದವರು ಅಂಟಿಸಿದ್ದು.

ಇದಕ್ಕೆ ನಂಗೆ ತುಂಬಾ ಇಷ್ಟವಾದ ಉದಾಹರಣೆ ಇಗ್ನೇಷಿಯಸ್ ಲೊಯೋಲಾ, ಜೆಸ್ವಿಟ್ ಸಂಘ ಕಟ್ಟಿದವರು. ಮಂಗಳೂರಿನವರಿಗೆ ಗೊತ್ತಿರತ್ತೆ, ಸೇಂಟ್ ಅಲೋಶಿಯಸ್ ಕಾಲೇಜು 1880ರಲ್ಲಿ ಶುರು ಮಾಡಿದ್ದು ಇದೇ ಸಂಘದವರು. ನಾನು ಕ್ಯಾಥೊಲಿಕ್ ಅಲ್ಲ, ಆದ್ರೆ ಈ ವಿಷಯದಲ್ಲಿ ಅವರ ಹತ್ರ ಕಲಿಯೋದು ಬೇಕಾದಷ್ಟಿದೆ. 1521ರಲ್ಲಿ ಪಾಂಪ್ಲೋನಾ ಯುದ್ಧದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರೀತು, ತಿಂಗಳುಗಟ್ಟಲೆ ಮಲಗಿದ್ದಾಗ ದೇವರ ಕಡೆ ಮನಸ್ಸು ತಿರುಗ್ತು, ಮರುವರ್ಷ ಸ್ಪೇನಿನ ಮನ್ರೇಸಾ ಊರಿಗೆ ಬಂದು ತಪಸ್ಸಿನ ಥರ ಬದುಕ್ತಿದ್ರು. ಅಲ್ಲಿ ಹಾಡುಹಗಲಲ್ಲೇ ಗಾಳೀಲಿ ಒಂದು ಆಕಾರ ಕಾಣಿಸ್ಕೊಳ್ತಿತ್ತು, ಒಂಥರಾ ಹಾವಿನ ರೂಪ, ಮೈತುಂಬಾ ಕಣ್ಣಿನ ಹಾಗೆ ಏನೇನೋ ಮಿನುಗ್ತಿತ್ತು, ಎಷ್ಟು ಚೆನ್ನಾಗಿತ್ತು ಅಂದ್ರೆ ನೋಡ್ತಾ ಇದ್ರೆ ಮನಸ್ಸಿಗೆ ಸಮಾಧಾನ, ಮಾಯವಾದ್ರೆ ಬೇಜಾರು. ಎಷ್ಟೋ ದಿನ ಇದು ನಡೀತು. ಆಮೇಲೆ ಒಂದಿನ ಕಾರ್ಡೊನೆರ್ ನದಿ ಹತ್ರ ಬುದ್ಧಿಗೆ ಬೆಳಕು ಬಿದ್ದ ಹಾಗಾಗಿ, ಅಲ್ಲೇ ಇದ್ದ ಒಂದು ಶಿಲುಬೆ ಮುಂದೆ ಮಂಡಿಯೂರಿದಾಗ ಅದೇ ಆಕಾರ ಮತ್ತೆ ಕಾಣಿಸ್ತು, ಆದ್ರೆ ಈ ಸಲ ಅದಕ್ಕೆ ಮೊದಲಿನ ಬಣ್ಣ ಇರಲಿಲ್ಲ. ಆಗ ಗೊತ್ತಾಯ್ತು ಅದು ಯಾರದ್ದು ಅಂತ.

ಆ ದರ್ಶನ ನಿಜವಾಗಿ ಏನಾಗಿತ್ತು ಅನ್ನೋದು ಬಿಡಿ, ಉಪವಾಸದಲ್ಲಿ ಕಣ್ಣು ಮಂಜಾಗಿತ್ತು ಅಂತಾನೂ ಹೇಳಬಹುದು. ನಾನು ನೋಡೋದು ಇಷ್ಟೇ, ಮನಸ್ಸಿಗೆ ಸಮಾಧಾನ ಸಿಕ್ತು ಅನ್ನೋದೊಂದೇ ಸಾಕ್ಷಿ ಸಾಲಲ್ಲ. ನಮ್ಮವರು ಯಾವಾಗ್ಲೂ ಹೇಳ್ತಾರಲ್ಲ, 'ಪ್ರೇಯರ್ ಮಾಡ್ದೆ, ಪೀಸ್ ಸಿಕ್ತು, ಹಾಗಾಗಿ ಇದು ದೇವರ ಚಿತ್ತ' ಅಂತ. ಶಿಲುಬೆ ಮುಂದೆ ಇಟ್ಟಾಗ್ಲೂ ಅದೇ ಬಣ್ಣ ಉಳಿಯತ್ತಾ ಅಂತ ನೋಡಬೇಕು.

ಪ್ರ: ಅವರು ಪ್ರತಿ ಮಾತಿಗೂ ವಚನ ತೋರಿಸ್ತಾರೆ, ಹಾಗಾದ್ರೆ ಸರಿ ಇರಬೇಕಲ್ವಾ?

ಮತ್ತಾಯ 4ರಲ್ಲಿ ಸೈತಾನನೂ ವಚನ ತೋರಿಸ್ದ. ದೇವಾಲಯದ ತುದಿ ಮೇಲೆ ನಿಲ್ಲಿಸಿ 91ನೇ ಕೀರ್ತನೆ ಹೇಳಿ ಧುಮುಕು ಅಂದ. ಈಗ ಒಂದು ಕೆಲಸ ಮಾಡಿ, ನಿಮ್ಮ ಬೈಬಲಲ್ಲಿ ಮತ್ತಾಯ 4:6ಕ್ಕೆ ಒಂದು ಬೆರಳು, ಕೀರ್ತನೆ 91:11-12ಕ್ಕೆ ಒಂದು ಬೆರಳು ಇಟ್ಟು ಎರಡೂ ಓದಿ. ನಿನ್ನ ಎಲ್ಲಾ ಮಾರ್ಗಗಳಲ್ಲಿ ಕಾಯ್ತಾರೆ ಅನ್ನೋ ಮಾತು ಕೀರ್ತನೇಲಿ ಇದೆ, ಸೈತಾನನ ಬಾಯಲ್ಲಿ ಇಲ್ಲ. ಮತ್ತೆ ಮುಂದಿನ ವಚನ, ಸರ್ಪವನ್ನ ತುಳಿಯೋದರ ಬಗ್ಗೆ ಇರೋದು, ಅದಕ್ಕೆ ಬರೋ ಮುಂಚೆ ನಿಲ್ಲಿಸಿಬಿಟ್ಟ, ಅದು ಅವನಿಗೇ ಕಷ್ಟ ನೋಡಿ :)

ಹಾಗಾಗಿ ಯಾರೇ ವಚನ ಹೇಳಿದ್ರೂ ಹಿಂದೆ ಹತ್ತು ಮುಂದೆ ಹತ್ತು ವಚನ ಓದಿ. ಇನ್ನೊಂದು, ಯೇಸು ಅವನಿಗೆ ಹೇಗೆ ಉತ್ತರ ಕೊಟ್ರು? ಕೂಗಾಡ್ಲಿಲ್ಲ, ಮೈಕ್ ಹಿಡಿದು ಬಂಧಿಸ್ತೀನಿ ಬಂಧಿಸ್ತೀನಿ ಅನ್ನಲಿಲ್ಲ. ಮೂರು ಚಿಕ್ಕ ಉತ್ತರ, ಮೂರೂ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯದ್ದು. ಎದುರಿಸೋದು ಅಂದ್ರೆ ಮೋಸ್ಟ್ಲಿ ಅಷ್ಟೇ.

ಪ್ರ: ಆದ್ರೆ ನನ್ನ ಹೆಸರು, ನನ್ನ ಕಾಯಿಲೆ, ಮನೆ ವಿಳಾಸ ಎಲ್ಲಾ ಸ್ಟೇಜ್ ಮೇಲಿಂದಾನೇ ಹೇಳಿಬಿಟ್ರು. ಅದು ಹೇಗೆ?

ಹೇಗೆ ಅಂತ ಹೇಳ್ತೀನಿ. ಅಮೆರಿಕಾದಲ್ಲಿ ಪೀಟರ್ ಪಾಪಾಫ್ ಅಂತ ಒಬ್ಬ ಟೀವಿ ಬೋಧಕ, ಸಾವಿರಾರು ಜನರ ಮಧ್ಯೆ ನಿಂತು ಗುರುತೇ ಇಲ್ಲದವರ ಹೆಸರು, ವಿಳಾಸ, ರೋಗ ಟಕ್ ಟಕ್ ಅಂತ ಹೇಳ್ತಿದ್ದ, ಜನ ಅಳ್ತಿದ್ರು, ಬೀಳ್ತಿದ್ರು. 1986ರಲ್ಲಿ ಜೇಮ್ಸ್ ರ‍್ಯಾಂಡಿ ಅನ್ನೋ ಮ್ಯಾಜಿಶಿಯನ್ ಟೀಮ್ ಕಟ್ಕೊಂಡು ಸಭೆಗೆ ಹೋಗಿ ರೇಡಿಯೋ ಸ್ಕ್ಯಾನರ್ ಇಟ್ಟ. 39.17 ಮೆಗಾಹರ್ಟ್ಸ್‌ನಲ್ಲಿ ಒಂದು ಹೆಂಗಸಿನ ದನಿ ಸಿಕ್ತು. ಪಾಪಾಫ್ ಹೆಂಡತಿ! ಸಭೆ ಶುರುವಾಗೋ ಮುಂಚೆ ಜನರ ಹತ್ರ ಮಾತಾಡಿ, ಪ್ರೇಯರ್ ಕಾರ್ಡ್ ತುಂಬಿಸ್ಕೊಂಡು, ಅದನ್ನೇ ತೆರೆಮರೆಯಿಂದ ಗಂಡನ ಕಿವೀಲಿದ್ದ ಚಿಕ್ಕ ರಿಸೀವರ್‌ಗೆ ಓದಿ ಹೇಳ್ತಿದ್ಲು. ರ‍್ಯಾಂಡಿ ಅದನ್ನ ಟೀವೀಲಿ ಹಾಕಿದ, ಮುಂದಿನ ವರ್ಷ ಪಾಪಾಫ್ ದಿವಾಳಿ ಅರ್ಜಿ ಹಾಕಿದ. ಕಥೆ ಇಲ್ಲಿಗೆ ಮುಗೀಬೇಕಿತ್ತು ಅಲ್ವಾ, ಆದ್ರೆ ಕೆಲವು ವರ್ಷ ಬಿಟ್ಟು ಮತ್ತೆ ಟೀವಿಗೆ ಬಂದು ಅದ್ಭುತದ ನೀರು ಅಂತ ಪ್ಯಾಕೆಟ್ ಕಳಿಸೋಕೆ ಶುರು ಮಾಡ್ದ, ಜನ ಮತ್ತೆ ದುಡ್ಡು ಕಳಿಸಿದ್ರು.

ಆಗ ಕಿವಿಗೆ ರಿಸೀವರ್ ಬೇಕಿತ್ತು, ಈಗ ನಮ್ಮ ಫೇಸ್‌ಬುಕ್ ಪ್ರೊಫೈಲೇ ಸಾಕು. ಮೀಟಿಂಗ್‌ಗೆ ಮುಂಚೆ ಗೂಗಲ್ ಫಾರ್ಮ್ ತುಂಬಿದ್ದು ಜನಕ್ಕೆ ಸಂಜೆ ಹೊತ್ತಿಗೆ ಮರೆತೇ ಹೋಗಿರತ್ತೆ.

ಇಷ್ಟು ಹೇಳಿದ್ಮೇಲೂ ಯಾರೋ ಕೇಳೇ ಕೇಳ್ತಾರೆ, ಟ್ರಿಕ್ ಇಲ್ಲದೆ ನಿಜವಾಗ್ಲೂ ಹೇಳಿದ್ರೆ? ಆಗಲೂ ಸಾಲಲ್ಲ. ಧರ್ಮೋಪದೇಶಕಾಂಡ 13ರ ಶುರುವಲ್ಲೇ ಇದೆ, ಪ್ರವಾದಿ ಹೇಳಿದ ಸೂಚನೆ ನಡೆದೇ ಬಿಟ್ರೂ, ಆಮೇಲೆ ಅವನು ಬೇರೆ ಕಡೆ ಕರೆದ್ರೆ ಕೇಳಬೇಡಿ ಅಂತ. ಫಿಲಿಪ್ಪಿಯಲ್ಲಿ ಕಣಿ ಹೇಳೋ ಹುಡುಗಿ ಪೌಲನ ಹಿಂದೆ ಬಂದು ಕೂಗಿದ್ದು ಏನು, ಇವರು ಪರಾತ್ಪರನಾದ ದೇವರ ದಾಸರು ಅಂತ. ಅಕ್ಷರ ಅಕ್ಷರವೂ ನಿಜ! ಆದ್ರೂ ಪೌಲ ಆ ಆತ್ಮನ್ನ ಓಡಿಸ್ದ, ಫ್ರೀ ಪಬ್ಲಿಸಿಟಿ ಸಿಗ್ತಿದೆ ಅಂತ ಸುಮ್ನಾಗಲಿಲ್ಲ. ಅವಳಿಂದ ಯಜಮಾನರು ದುಡ್ಡು ಮಾಡ್ತಿದ್ರು ಅನ್ನೋದನ್ನ ಲೂಕ ಮರೀದೆ ಬರೆದಿದಾನೆ.

ಪ್ರ: ನೀವು ಯಾವತ್ತಾದ್ರೂ ಮೋಸ ಹೋಗಿದೀರಾ?

ಹೋಗಿದೀನಿ, ಎಂಟು ವಾರ. ಲಾಕ್‌ಡೌನ್ ಟೈಮಲ್ಲಿ ಯಾರೋ ಪರಿಚಯದವರು ಒಂದು ಝೂಮ್ ಬೈಬಲ್ ಕ್ಲಾಸ್‌ಗೆ ಸೇರಿಸಿದ್ರು, ಯಾವ ಸಭೆಯವರು, ಅಂದ್ರೆ ಯಾವ ಚರ್ಚ್, ಅಂತ ಕೇಳಿದ್ರೆ 'ನಾವು ಯಾವ ಸಭೆನೂ ಅಲ್ಲ ಬ್ರದರ್, ಬರೀ ವಾಕ್ಯ' ಅಂತಿದ್ರು. ಟೀಚರ್ ತುಂಬಾ ಒಳ್ಳೆ ಹೆಣ್ಣುಮಗಳು, ಹುಷಾರಿಲ್ಲ ಅಂದ್ರೆ ದಿನಾ ಮೆಸೇಜ್ ಮಾಡಿ ವಿಚಾರಿಸ್ತಿದ್ರು, ನಮ್ಮ ಸಭೇಲಿ ಹತ್ತು ವರ್ಷದಿಂದ ಇದ್ದವರು ಒಂದು ಫೋನೂ ಮಾಡಿರಲಿಲ್ಲ, ಅದು ಬೇರೆ ಮಾತು. ಮೂರನೇ ವಾರದಿಂದ ದೃಷ್ಟಾಂತಗಳಿಗೆ ಸೀಕ್ರೆಟ್ ಅರ್ಥ ಹೇಳೋಕೆ ಶುರು ಮಾಡಿದ್ರು, ಬೀಜ ಅಂದ್ರೆ ಇದು, ಮರ ಅಂದ್ರೆ ಅದು, ಹಕ್ಕಿ ಅಂದ್ರೆ ಇನ್ನೊಂದು, ಲೆಕ್ಕ ಕೂಡಿಸಿದ ಹಾಗೆ ಎಲ್ಲಾ ಕೂಡ್ತಿತ್ತು, ನಂಗಂತೂ ಇಷ್ಟು ವರ್ಷ ನಾನೇನು ಓದ್ತಿದ್ದೆ ಅನ್ನಿಸಿಬಿಡ್ತು. ಐದನೇ ವಾರ ಅವರು ಹೇಳಿದ್ರು: 'ಇದನ್ನ ಈಗಲೇ ನಿಮ್ಮ ಪಾಸ್ಟರ್‌ಗಾಗಲಿ ಮನೆಯವರಿಗಾಗಲಿ ಹೇಳಬೇಡಿ, ಅವರಿಗೆ ಅರ್ಥ ಆಗಲ್ಲ, ಮೊಳಕೆ ಬರೋ ಮುಂಚೆ ಹಕ್ಕಿ ಬಂದು ತಿಂದುಬಿಡತ್ತೆ.' ನಾನು ಹೂಂ ಅಂದೆ. ಅದು ತಪ್ಪು ಅಂತ ಆಗ ಅನ್ನಿಸಲೇ ಇಲ್ಲ, ನಾಚಿಕೆ ಆಗತ್ತೆ ಈಗ.

ಎಂಟನೇ ವಾರ ಹೆಂಡತಿ ಟೀ ತಂದಿಟ್ಟಾಗ ನಾನು ಲ್ಯಾಪ್‌ಟಾಪ್ ಸ್ಕ್ರೀನ್ ಅರ್ಧ ಮಡಚಿದೆ. ಅವಳು 'ಬೈಬಲ್ ಓದೋಕೆ ಯಾಕ್ರೀ ಮುಚ್ಕೋಬೇಕು' ಅಂದ್ಲು. ಅಷ್ಟೇ. ಆವತ್ತು ರಾತ್ರಿ ನೋಟ್ಸ್ ಎಲ್ಲಾ ತಗೊಂಡು ನಮ್ಮ ಅಯ್ಯನವರ (ಪಾಸ್ಟರ್) ಮನೆಗೆ ಹೋದೆ, ಅವರು ಹತ್ತು ನಿಮಿಷ ಓದಿ, ಇದು ಕೊನೆಗೆ ಎಲ್ಲಿ ಹೋಗಿ ನಿಲ್ಲತ್ತೆ ಗೊತ್ತಾ, ಈಗ ಬದುಕಿರೋ ಒಬ್ಬ ಮನುಷ್ಯನನ್ನ ನಂಬಿದ್ರೆ ಮಾತ್ರ ರಕ್ಷಣೆ ಅನ್ನೋದಕ್ಕೆ, ಅಂದ್ರು. ಮಾರನೇ ವಾರ ಟೀಚರ್‌ನ ಡೈರೆಕ್ಟಾಗಿ ಅದನ್ನೇ ಕೇಳ್ದೆ. ಉತ್ತರ ಬರಲಿಲ್ಲ, ಗ್ರೂಪಿಂದ ತೆಗೆದುಬಿಟ್ರು.

ಇಗ್ನೇಷಿಯಸ್ ಇದನ್ನೂ ಬರೆದಿಟ್ಟಿದಾರೆ. ಮೋಸಗಾರ ಪ್ರೇಮಿ ಒಬ್ಬ ಮನೆ ಹೆಣ್ಣುಮಗಳ ಹತ್ರ ಬಂದು ನಿಮ್ಮಪ್ಪಂಗೆ ಹೇಳಬೇಡ, ಗಂಡಂಗೆ ಹೇಳಬೇಡ ಅಂತಾನಲ್ಲ, ಶತ್ರುವಿನ ವರಸೆಯೂ ಅದೇ, ಗುಟ್ಟು ಬಯಲಾದ್ರೆ ಅವನ ಆಟ ಮುಗೀತು ಅಂತ. ಈ ಪೇಜಲ್ಲಿ ಬೇರೆ ಏನೂ ನೆನಪಿಟ್ಕೊಳ್ಳದೆ ಇದ್ರೂ ಇದೊಂದು ಇಟ್ಕೊಳ್ಳಿ.

ಪ್ರ: ವಿದ್ಯಾವಂತರೂ ಇಂಥದ್ರಲ್ಲಿ ಜೀವ ಕಳ್ಕೊಳ್ಳೋ ಮಟ್ಟಕ್ಕೆ ಹೇಗೆ ಹೋಗ್ತಾರೆ?

ಒಂದೇ ಸಲ ಯಾರೂ ಹೋಗಲ್ಲ. ಜಿಮ್ ಜೋನ್ಸ್ ಅನ್ನೋ ಬೋಧಕ 1950ರ ದಶಕದಲ್ಲಿ ಅಮೆರಿಕಾದ ಇಂಡಿಯಾನಾಪೊಲಿಸ್‌ನಲ್ಲಿ ಸಭೆ ಶುರು ಮಾಡಿದಾಗ ಕರಿಯರು ಬಿಳಿಯರು ಒಟ್ಟಿಗೆ ಕೂರೋ ಸಭೆ ಅದು, ಬಡವರಿಗೆ ಊಟ, ಮುದುಕರಿಗೆ ಆಸರೆ. ಆ ಕಾಲಕ್ಕೆ ಅದು ದೊಡ್ಡ ವಿಷಯ, ಒಳ್ಳೇ ಜನ ಒಳ್ಳೇ ಕಾರಣಕ್ಕೇ ಸೇರಿದ್ರು. ಸ್ವಸ್ಥತೆ ಅಂತ ಕೋಳಿಯ ಒಳಗಿನ ಮಾಂಸ ತೋರಿಸಿ ಕ್ಯಾನ್ಸರ್ ಗಡ್ಡೆ ಹೊರಗೆ ಬಂತು ಅಂತಿದ್ದ. ಒಳಗಿನ ಕೆಲವರಿಗೆ ಅದು ಗೊತ್ತಿತ್ತು, ಜನರ ನಂಬಿಕೆ ಬೆಳೀತಿದೆಯಲ್ಲ ಅಂತ ಬಾಯಿ ಮುಚ್ಕೊಂಡ್ರು. ಆಮೇಲೆ ಆಸ್ತಿ ಕೊಟ್ರು, ದಕ್ಷಿಣ ಅಮೆರಿಕಾದ ಗಯಾನಾ ಕಾಡಿಗೆ ಹೋದ್ರು, ಅಲ್ಲಿ ಪಾಸ್‌ಪೋರ್ಟೂ ಕೈಲಿರಲಿಲ್ಲ, ಸಾಯೋ ರಿಹರ್ಸಲ್ ಕೂಡ ಮೊದಲೇ ಮಾಡಿಸಿದ್ದ. 1978 ನವೆಂಬರ್ 18ಕ್ಕೆ 900ಕ್ಕೂ ಜಾಸ್ತಿ ಜನ ಸತ್ರು, ಅದ್ರಲ್ಲಿ ಸುಮಾರು ಮೂರನೇ ಒಂದು ಭಾಗ ಮಕ್ಕಳು.

ಇದು ಹಳೇ ಕಥೆ ಅನ್ನಬೇಡಿ. 2023ರಲ್ಲಿ ಕೀನ್ಯಾದ ಶಕಹೋಲಾ ಕಾಡಲ್ಲಿ 400ಕ್ಕೂ ಹೆಚ್ಚು ಹೆಣ ಅಗೆದು ತೆಗೆದ್ರು, ಉಪವಾಸ ಮಾಡಿ ಸತ್ರೆ ಯೇಸುವನ್ನ ಕಾಣ್ತೀರಿ ಅಂತ ಬೋಧಿಸಿದ ಆರೋಪ ಅಲ್ಲಿನ ಪಾಸ್ಟರ್ ಮೇಲಿದೆ. ಮೊದಲ ಸಣ್ಣ ಸುಳ್ಳಿಗೆ ಹೋಗಲಿ ಬಿಡು ಅಂದವರೇ ಕೊನೇ ದೊಡ್ಡ ಸುಳ್ಳಿಗೂ ಸಿಕ್ಕಿಹಾಕ್ಕೊಳ್ಳೋದು.

ಪ್ರ: ಯೇಸು ಬರೋ ಡೇಟ್ ಗೊತ್ತಾಗಿದೆ ಅಂತ ವಿಡಿಯೋ ಬಂದಿದೆ, ಶೇರ್ ಮಾಡ್ಲಾ?

ಬೇಡ. ಅಮೆರಿಕಾದ ಬೋಧಕ ವಿಲಿಯಂ ಮಿಲ್ಲರ್ ಹಿಂದೆ ಹೋದವರು ಯೇಸು ಬರ್ತಾರೆ ಅಂತ 1844 ಅಕ್ಟೋಬರ್ 22ರ ರಾತ್ರಿಯೆಲ್ಲಾ ಕಾದ್ರು, ಕೆಲವರು ಹೊಲದಲ್ಲಿ ಬೆಳೆ ಕೂಡ ಕೊಯ್ದಿರಲಿಲ್ಲ. ಅಲ್ಲಿನ ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011 ಮೇ 21 ಅಂದ್ರು, ಆಗಲಿಲ್ಲ, ಅಕ್ಟೋಬರ್ 21 ಅಂದ್ರು, ಅದೂ ಆಗಲಿಲ್ಲ, ಆಮೇಲೆ ಪಾಪ ತಪ್ಪಾಯ್ತು ಅಂತ ಒಪ್ಕೊಂಡ್ರು, ಅದೊಂದು ಮೆಚ್ಚಬೇಕು. ಮತ್ತಾಯ 24:36 ಓದಿ, ಫೋನ್ ಕೆಳಗಿಡಿ.

ಪ್ರ: ಬೀಜ ಕಾಣಿಕೆ ಬಿತ್ತಿದ್ರೆ ನೂರರಷ್ಟು ಬರತ್ತೆ ಅಂತಾರಲ್ಲ?

ನಮ್ಮ ಚಿಕ್ಕಮ್ಮ ಹಾಸನ ಕಡೆಯವರು. ಮಗನಿಗೆ ಕೆಲಸ ಸಿಗಲಿ ಅಂತ ಆನ್‌ಲೈನ್ ಬೋಧಕರೊಬ್ಬರು ಹೇಳಿದ ಹಾಗೆ ಎರಡು ಬಳೆ ಗಿರವಿ ಇಟ್ಟು ಇಪ್ಪತ್ತೊಂದು ಸಾವಿರ ಕಳಿಸಿದ್ರು. ಕೊರಿಯರಲ್ಲಿ ಅಭಿಷೇಕದ ಎಣ್ಣೆ ಅಂತ ಒಂದು ಪುಟ್ಟ ಬಾಟಲ್ ಬಂತು, ಮುಚ್ಚಳದಿಂದ ಸೋರಿ ಕವರೆಲ್ಲಾ ಜಿಡ್ಡು, ಮೂಸಿ ನೋಡಿದ್ರೆ ಅಪ್ಪಟ ಕೊಬ್ಬರಿ ಎಣ್ಣೆ. ಆರು ತಿಂಗಳಾದ್ರೂ ಕೆಲಸ ಇಲ್ಲ, ಫೋನ್ ಮಾಡಿದ್ರೆ 'ನಿಮ್ಮ ನಂಬಿಕೆ ಸಾಲದು ಅಮ್ಮ, ಮನೇಲಿ ಯಾರೋ ಅಡ್ಡಿ ಮಾಡ್ತಿದಾರೆ, ಇನ್ನೊಂದು ಕಾಣಿಕೆ ಬಿತ್ತಿ' ಅಂದ್ರಂತೆ. ದುಡ್ಡು ಹೋಗಿದ್ದಕ್ಕಿಂತ ನಂಗೆ ಹೊಟ್ಟೆ ಉರಿದಿದ್ದು ಇದಕ್ಕೆ, ಚಿಕ್ಕಮ್ಮ ತಿಂಗಳುಗಟ್ಟಲೆ ತನ್ನ ನಂಬಿಕೇಲೇ ದೋಷ ಅಂತ ಅಳ್ತಾ ಇದ್ರು. ಫಲ ಬಂದ್ರೆ ಅವರ ಅಭಿಷೇಕ, ಬರದಿದ್ರೆ ನಮ್ಮ ಅಪನಂಬಿಕೆ, ಎಲ್ಲಾ ಕಡೆಯಿಂದ್ಲೂ ಅವರೇ ಗೆಲ್ಲೋ ಆಟ.

ಕಾಣಿಕೆ ಕೊಡೋದು ತಪ್ಪಲ್ಲ. 2 ಕೊರಿಂಥ 9:7ರಲ್ಲಿ ಬಲವಂತದಿಂದ ಬೇಡ, ಸಂತೋಷದಿಂದ ಕೊಡಿ ಅಂತಿದೆ. ರಾತ್ರಿ ಹನ್ನೆರಡರ ಒಳಗೆ ಈ ಕ್ಯೂಆರ್ ಕೋಡ್‌ಗೆ ಹಾಕಿ ಅನ್ನೋದು ಬಲವಂತ ಅಲ್ದೆ ಇನ್ನೇನು. ಪರಿಶುದ್ಧಾತ್ಮನ ವರವನ್ನ ದುಡ್ಡಿಗೆ ಕೇಳಿದ ಸೀಮೋನನಿಗೆ ಪೇತ್ರ ಏನಂದ ಅಂತ ಅಪೊಸ್ತಲರ ಕೃತ್ಯಗಳು 8ರಲ್ಲಿ ನೋಡ್ಕೊಳ್ಳಿ. ಮತ್ತೆ ಪಾಸ್ಟರ್ ಫೋಟೋ ಹಾಕ್ಕೊಂಡು ಯಾರೋ ದುಡ್ಡು ಕೇಳಿ ನೀವು ಕಳಿಸಿಬಿಟ್ಟಿದ್ರೆ ಪ್ರಾರ್ಥನೆ ಆಮೇಲೆ, ಮೊದಲು 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ, ಎಷ್ಟು ಬೇಗ ಮಾಡ್ತೀರೋ ಅಷ್ಟು ಒಳ್ಳೇದು.

ಪ್ರ: ಸ್ವಸ್ಥತೆ ಸಿಕ್ತು ಅಂತ ಸಾಕ್ಷಿ ಹೇಳಿದೀನಿ, ಶುಗರ್ ಮಾತ್ರೆ ನಿಲ್ಲಿಸಬಹುದಾ?

ಡಾಕ್ಟರ್ ಹೇಳೋವರೆಗೂ ಒಂದು ಮಾತ್ರೆನೂ ಬಿಡಬೇಡಿ. ಲೂಕ 17ರಲ್ಲಿ ಯೇಸು ಹತ್ತು ಕುಷ್ಠರೋಗಿಗಳಿಗೆ ಹೋಗಿ ಯಾಜಕರಿಗೆ ಮೈ ತೋರಿಸಿ ಅಂದ್ರು, ಆ ಕಾಲದಲ್ಲಿ ವಾಸಿಯಾಗಿದೆ ಅಂತ ಹೇಳೋ ಅಧಿಕಾರ ಅವರಿಗೇ ಇದ್ದಿದ್ದು. ಅಂದ್ರೆ ಸ್ವತಃ ಯೇಸುವೇ ಚೆಕಪ್‌ಗೆ ಕಳಿಸಿದ್ರು! ರಿಪೋರ್ಟ್ ನೋಡಬೇಡಿ, ನಂಬಿಕೆ ಹೋಗತ್ತೆ ಅನ್ನೋರು ಯಾರ ಶಿಷ್ಯರೋ ಗೊತ್ತಿಲ್ಲ.

ಪ್ರ: 'ನನ್ನ ಅಭಿಷಿಕ್ತರನ್ನ ಮುಟ್ಟಬೇಡಿ' ಅಂತ ಬೈಬಲ್ಲೇ ಹೇಳತ್ತಲ್ಲ, ಪಾಸ್ಟರ್‌ನ ಪ್ರಶ್ನೆ ಮಾಡಿದ್ರೆ ಶಾಪ ಬರಲ್ವಾ?

105ನೇ ಕೀರ್ತನೆ ಪೂರ್ತಿ ಓದಿ. ಅಲ್ಲಿ ಮಾತಾಡ್ತಿರೋದು ಅಬ್ರಹಾಮ, ಇಸಾಕ, ಯಾಕೋಬರ ಬಗ್ಗೆ, ಊರಿಂದ ಊರಿಗೆ ಅಲೀತಿದ್ದ ಬೆರಳೆಣಿಕೆ ಜನ, ಅವರಿಗೆ ರಾಜರು ಕೇಡು ಮಾಡದ ಹಾಗೆ ದೇವರು ಕಾಪಾಡಿದ್ದು. ಲೆಕ್ಕ ಕೇಳಬಾರದು ಅಂತ ಅಲ್ಲಿ ಎಲ್ಲೂ ಇಲ್ಲ. ದಾವೀದ ಅಭಿಷಿಕ್ತ ರಾಜನಾಗಿದ್ದ ಸೌಲನ ಮೈ ಮುಟ್ಟಲಿಲ್ಲ ನಿಜ, ಆದ್ರೆ ನಿಲುವಂಗಿ ತುದಿ ಕತ್ತರಿಸಿ ಹಿಡ್ಕೊಂಡು ಎಲ್ಲರೆದುರಿಗೇ ಯಾಕೆ ನನ್ನ ಬೆನ್ನಟ್ತೀಯ ಅಂತ ಕೇಳ್ದ. ಪೌಲ ಅಂತಿಯೋಕ್ಯದಲ್ಲಿ ಪೇತ್ರನ ಮುಖಕ್ಕೇ ಹೇಳ್ದ, ಗಲಾತ್ಯ 2:11. ಪೇತ್ರ ಅವನಿಗೆ ಶಾಪ ಹಾಕಿದ ಹಾಗೆ ನಾನೆಲ್ಲೂ ಓದಿಲ್ಲ.

ಪ್ರ: ನನ್ನ ಮನಸ್ಸಲ್ಲೇ ಬರೋ ಮಾತು ದೇವರದ್ದೋ ನಂದೋ ಹೇಗೆ ಗೊತ್ತಾಗೋದು?

ಇದು ಎಲ್ಲಕ್ಕಿಂತ ಕಷ್ಟದ್ದು, ಯಾಕಂದ್ರೆ ನಮಗೆ ಬೇಕಾದ್ದನ್ನೇ ದೇವರ ದನೀಲಿ ಕೇಳಿಸ್ಕೊಳ್ಳೋದ್ರಲ್ಲಿ ನಾವೆಲ್ಲಾ ಎಕ್ಸ್‌ಪರ್ಟ್. ನಾನು ಮಾಡೋದು ಏನಂದ್ರೆ, ಬೇಜಾರು ಕವಿದಿರೋವಾಗ, ಅಥವಾ ಕನ್ವೆನ್ಷನ್ ಮುಗಿಸ್ಕೊಂಡು ಹಾರಾಡ್ತಿರೋವಾಗ, ದೊಡ್ಡ ತೀರ್ಮಾನ ಮಾಡಲ್ಲ. ನಿದ್ದೆ ಮಾಡ್ತೀನಿ. ಹೇಳಿದ್ರೆ ಬೈಯ್ಯೋ ಧೈರ್ಯ ಇರೋ ಇಬ್ಬರಿಗೆ ಹೇಳ್ತೀನಿ. ಯೆರೆಮೀಯ 28ರಲ್ಲಿ ಹನನ್ಯ ಎರಡೇ ವರ್ಷದಲ್ಲಿ ಎಲ್ಲಾ ಸರಿ ಹೋಗತ್ತೆ ಅಂತ ಸುಳ್ಳು ಪ್ರವಾದನೆ ಹೇಳಿದಾಗ ಯೆರೆಮೀಯ ಮೊದಲು ಏನಂದ ಗೊತ್ತಾ, ಆಮೆನ್, ಹಾಗೇ ಆಗಲಿ ಅಂದ! ಅವನಿಗೂ ಅದು ಆಗಲಿ ಅಂತಾನೇ ಆಸೆ. ಆಮೇಲೆ ಹನನ್ಯ ಅವನ ಕುತ್ತಿಗೇಲಿದ್ದ ನೊಗ ಮುರಿದಾಗ ಯೆರೆಮೀಯ ಜಗಳಕ್ಕೆ ಬೀಳದೆ ಸುಮ್ನೆ ಹೊರಟುಹೋದ, ದೇವರ ಮಾತು ಬಂದ್ಮೇಲೇ ತಿರುಗಿ ಬಂದಿದ್ದು. ನಿಜವಾದ ಪ್ರವಾದಿಗೂ ಕಾಯೋಕೆ ಟೈಮ್ ಬೇಕಿತ್ತು.

ಒಂದು ಮಾತು ಸೀರಿಯಸ್ಸಾಗಿ. ನಿದ್ದೆನೇ ಇಲ್ಲ, ಕಿವೀಲಿ ದನಿಗಳು, ಸಾಯಬೇಕು ಅನ್ನೋ ಯೋಚನೆ ಇದ್ರೆ ಅದನ್ನ ದೆವ್ವ ಬಿಡಿಸೋ ಮೀಟಿಂಗ್‌ಗೆ ಮಾತ್ರ ತಗೊಂಡು ಹೋಗಬೇಡಿ. ಡಾಕ್ಟರ್‌ಗೆ ತೋರಿಸಿ, 14416ಕ್ಕೆ ಫೋನ್ ಮಾಡಿದ್ರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡ್ತಾರೆ. ಎಲೀಯ ಸಾಯ್ತೀನಿ ಅಂತ ಗಿಡದ ಕೆಳಗೆ ಮಲಗಿದಾಗ ದೇವದೂತ ಮೊದಲು ಕೊಟ್ಟಿದ್ದು ರೊಟ್ಟಿ, ನೀರು.

ಪ್ರ: ಹಾಗಾದ್ರೆ ಎಲ್ಲಾದರಲ್ಲೂ ಸೈತಾನನ್ನ ನೋಡಬೇಕಾ?

ಸ್ಕೂಟರ್ ಪಂಚರ್ ಆದ್ರೆ ಸೈತಾನ, ಪಕ್ಕದ ಮನೆಯವರು ಹಬ್ಬಕ್ಕೆ ಹೋಳಿಗೆ ಕೊಟ್ರೆ ಸೈತಾನ, ಬೇರೆ ಸಭೆಯವರೆಲ್ಲಾ ಸೈತಾನ. ಇದೂ ಒಂದು ಮೋಸಾನೇ. ಯಾಕೋಬ 1:14 ನಮ್ಮ ಸ್ವಂತ ಆಸೆಯೇ ನಮ್ಮನ್ನ ಎಳೆಯತ್ತೆ ಅಂತ ಹೇಳತ್ತೆ, ಮೊದಲು ಅಲ್ಲಿ ಹುಡುಕಿ.

ಪ್ರ: ಮನೆಯವರೇ ಅಂಥ ಗುಂಪಿಗೆ ಹೋಗ್ತಿದ್ರೆ ಏನು ಮಾಡೋದು?

ವಾದ ಮಾಡಿ ಗೆಲ್ಲೋಕೆ ಹೋಗಬೇಡಿ. ನಾನು ಚಿಕ್ಕಮ್ಮನ ಜೊತೆ ಹಾಗೆ ಮಾಡಿ ಮೂರು ತಿಂಗಳು ಅವರು ಫೋನೇ ಎತ್ತಲಿಲ್ಲ, ಮನೆಯವರು ವಿರೋಧ ಮಾಡ್ತಾರೆ ಅಂತ ಆ ಕಡೆಯವರು ಮೊದಲೇ ಹೇಳಿಕೊಟ್ಟಿರ್ತಾರೆ, ನಾವು ಕೂಗಾಡಿದ್ರೆ ಅವರ ಪ್ರವಾದನೆ ನಿಜ ಆದ ಹಾಗಾಯ್ತು. ಸುಮ್ನೆ ಹೋಗಿ ಬರ್ತಾ ಇರಿ, ಊಟ ಮಾಡಿ, ಒಂದು ಪ್ರಶ್ನೆ ಬಿಟ್ಟು ಬನ್ನಿ. ನಾನು ಕೊನೆಗೆ ಕೇಳಿದ್ದು ಇಷ್ಟೇ, 'ಚಿಕ್ಕಮ್ಮ, ಅವರು ಕೊಟ್ಟ ಲೆಕ್ಕ ಏನಾದ್ರೂ ಇದ್ಯಾ?' ಅದಕ್ಕೆ ಉತ್ತರ ಹುಡುಕ್ತಾ ಹುಡುಕ್ತಾ ಅವರೇ ಹೊರಗೆ ಬಂದ್ರು.

ಈಗ ಎಲ್ಲಿಗೇ ದುಡ್ಡು ಕೊಡೋದಿದ್ರೂ ನಂಗೆ ಫೋನ್ ಮಾಡ್ತಾರೆ. ಹೋದ ವಾರ ತಮ್ಮ ಸಭೆಯ ಹಾಸ್ಟೆಲ್ ಮಕ್ಕಳಿಗೆ ಐನೂರು ಕೊಡಲಾ ಅಂತ ಕೇಳಿದ್ರು. ನಾನು ಗಂಭೀರವಾಗಿ ರಸೀದಿ ಕೊಡ್ತಾರಾ, ಕಮಿಟಿ ಇದ್ಯಾ, ಯಾರು ನೋಡ್ಕೊಳ್ತಾರೆ ಅಂತೆಲ್ಲಾ ವಿಚಾರಿಸಿ ಆಮೇಲೆ ಕೊಡಿ ಚಿಕ್ಕಮ್ಮ ಅಂದೆ. 'ಭಾನುವಾರನೇ ಕೊಟ್ಟಾಯ್ತು ಕಣೋ, ರಸೀದಿನೂ ಇದೆ, ನೀನೇನ್ ಹೇಳ್ತೀಯ ನೋಡೋಣ ಅಂತ ಕೇಳ್ದೆ' ಅಂದ್ರು.